ಮಹಾರಾಣಿಯ ಸವತಿ

ಟೇಪಮ್ಮ ಹೊಲಿದ ಅಂಗಿ ತೊಟ್ಟ ಗಂಡು ಮದುವೆಯಾಗದೆ ಉಳಿದ ಚರಿತ್ರೆಯೇ ಆ ಊರಿನಲ್ಲಿ ಇಲ್ಲ. ಒಬ್ಬನಂತೂ ಎರಡು ಸಲ ಆದ. ಆಮೇಲೆ ಅಂಗಿಯನ್ನು ತಂದು ಮೇಜಿನ ಮೇಲಿಟ್ಟು, "ಸ್ವಲ್ಪ ಸಡಿಲ ಮಾಡಿಬಿಡಿ, ಇನ್ನು ತಡೆಯೋಕಾಗಲ್ಲ" ಎಂದು ಕೈಮುಗಿದ.

ಕತ್ತಿನಲ್ಲಿ ಸದಾ ಹಳದಿ ಟೇಪು ತೂಗುತ್ತಿದ್ದುದರಿಂದ ಅವಳಿಗೆ ಆ ಹೆಸರು. ವಯಸ್ಸು ಮೂವತ್ತು ಮುಟ್ಟಿರಲಿಲ್ಲ. ಜಂಭಕ್ಕೆ ಮಾತ್ರ ನೂರೈವತ್ತು ತುಂಬಿತ್ತು. ರಸ್ತೆಯ ಆ ಬದಿಯಲ್ಲಿ ನಡೆದುಹೋಗುವವನನ್ನು ಈ ಬದಿಯಿಂದ ಒಮ್ಮೆ ನೋಡಿ, ಕಾಲರಿನಿಂದ ಕಾಲ್ಬೆರಳವರೆಗೆ ಅಳತೆ ಹೇಳಿಬಿಡುತ್ತಿದ್ದಳು. ಊರಿಗೆಲ್ಲ ಮದುವೆ ಮಾಡಿಸಿದವಳು ತನಗೆ ಮಾತ್ರ ಯಾರನ್ನೂ ನೋಡಿಕೊಂಡಿರಲಿಲ್ಲ.

"ಒಬ್ಬನೂ ನನಗೆ ಸರಿಯಾಗಿ ಕೂರಲ್ಲಮ್ಮ," ಎನ್ನುತ್ತಿದ್ದಳು ತಾಯಿಗೆ.

ಅಂಗಡಿಯ ಮೂಲೆಯಲ್ಲಿ ಗುಂಡಿ ಹಾಕುತ್ತಾ ಕೂತಿರುತ್ತಿದ್ದ ತಾಯಿ ದಾರ ಕಚ್ಚಿ ಹರಿದು, "ಹೊಸದರಲ್ಲಿ ಎಲ್ಲಾ ಬಿಗಿಯೇ ಕಣೇ. ತೊಟ್ಟು ತೊಟ್ಟು ಒಗೆದರೆ ಸರಿಹೋಗುತ್ತೆ," ಎನ್ನುತ್ತಿದ್ದರು.

ಅಂಗಡಿ ಇದ್ದದ್ದು ಝೂ ಹಿಂಬಾಗಿಲಿನ ಎದುರಿಗೆ. ಹುಲಿ ಆಕಳಿಸಿದರೆ ಇಲ್ಲಿ ಮಷಿನ್ನಿನ ಸೂಜಿ ಅಲುಗುತ್ತಿತ್ತು. ಆ ಝೂ ಅನ್ನು ಸಾಹೇಬರುಗಳು ನಡೆಸುತ್ತಿದ್ದರು ಅಂತ ಬೋರ್ಡಿನಲ್ಲಿ ಬರೆದಿತ್ತು. ನಿಜವಾಗಿ ನಡೆಸುತ್ತಿದ್ದವರು ಭಾನುವಾರದ ವಾಲಂಟಿಯರ್‌ಗಳು. ಮೊಸಳೆಯ ಎದುರು ನಿಂತು ಮಕ್ಕಳಿಗೆ ಹಲ್ಲುಜ್ಜುವ ಪಾಠ ಹೇಳುವ ಹಲ್ಲಿನ ಡಾಕ್ಟರು. ಒಂದು ಆಮೆಯನ್ನು ದತ್ತು ತೆಗೆದುಕೊಂಡು, ವಾರವಾರ ಬಂದು "ಇವನು ಇಳಿದುಹೋಗಿದ್ದಾನೆ" ಎಂದು ಅಡುಗೆಯವರೊಂದಿಗೆ ಜಗಳವಾಡುವ ರಿಟೈರ್ಡ್ ಮೇಷ್ಟ್ರು. ಇಂಥ ನಲವತ್ತು ಜನ. ಅವರಿಗೆಲ್ಲ ತೋಳಿಲ್ಲದ ಹಸಿರು ಕೋಟು ಹೊಲಿದುಕೊಡುವುದು ತನ್ನ ಕಾಣಿಕೆ ಎಂದು ಟೇಪಮ್ಮ ಒಪ್ಪಿಕೊಂಡಳು. ಕೊಡಲು ಹೋದ ದಿನವೇ ಅನಾಹುತವಾಯಿತು.

ಕೋಟುಗಳ ರಾಶಿ ಹೊತ್ತು ಕೊಳದ ಬೇಲಿಯ ಪಕ್ಕ ನಡೆಯುತ್ತಿದ್ದಳು. ಬೇಲಿಯಾಚೆ ಒಂದು ಸಾರಸ ಪಕ್ಷಿ. ಆಳೆತ್ತರ, ಬೂದು ಮೈ, ಕೆಂಪು ತಲೆ. ಇಡೀ ಝೂ ತನ್ನ ಅಪ್ಪನ ಮನೆ ಎಂಬಂಥ ನಿಲುವು. ಕಂಬಿಯ ಸಂದಿನಿಂದ ಕೊಕ್ಕು ಬಂತು. ಚಟಕ್! ಮೇಲಿನ ಕೋಟಿನ ಗುಂಡಿ ಮಾಯ.

"ಅಯ್ಯೋ!" ಎಂದ ದನಿಗೆ ಒಬ್ಬ ಕೀಪರ್ ಬಕೆಟ್ ಎಸೆದು ಓಡಿ ಬಂದ. ಅವನು ಎಬ್ಬಿಸಿದ ಧೂಳು ಅವನಿಗಿಂತ ಎರಡು ನಿಮಿಷ ತಡವಾಗಿ ಬಂತು. ತನ್ನ ಕೈಗೆ ಏಟಾಗಿದೆಯೇ ಎಂದು ಕೇಳಲು ಬಂದನೆಂದುಕೊಂಡು ಟೇಪಮ್ಮ ಮಣಿಕಟ್ಟನ್ನು ಬಲು ನಾಜೂಕಾಗಿ ಮುಂದೆ ಚಾಚಿದಳು. ಅವನು ಆ ಕೈಯನ್ನು ಪರದೆ ಸರಿಸಿದಂತೆ ಸರಿಸಿ ಕೋಟು ಎತ್ತಿಕೊಂಡ.

"ಎಷ್ಟು ಗುಂಡಿ ಇತ್ರೀ ಇದರಲ್ಲಿ?"

"ಏನು?"

"ಗುಂಡಿ, ಗುಂಡಿ!"

"ಐದು."

"ನಾಲ್ಕಿದೆ. ನುಂಗಿಬಿಟ್ಟಳು! ನನ್ನ ಮಹಾರಾಣಿ ನುಂಗಿಬಿಟ್ಟಳು!"

"ನಮ್ಮ ಅಂಗಡಿಯ ಗುಂಡಿ ಹಾಗೆಲ್ಲ ಕಿತ್ತುಬರಲ್ಲ," ಎಂದಳು ಟೇಪಮ್ಮ, ಚಾಚಿದ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡು.

"ನಮ್ಮ ಮಹಾರಾಣಿ ಹಿಡಿದದ್ದು ಹಾಗೆಲ್ಲ ಬಿಡಲ್ಲ," ಎಂದ ಅವನು, ತಲೆ ಎತ್ತದೆ.

ಕೊನೆಗೂ ತಲೆ ಎತ್ತಿದ. ಕಣ್ಣಿನ ಮೂಲೆಯಲ್ಲಿ ನಗೆಯ ಎರಡು ಗೆರೆ. ಕೂದಲಲ್ಲಿ ಒಂದು ಹುಲ್ಲುಕಡ್ಡಿ. ಟೇಪಮ್ಮ ಅಭ್ಯಾಸಬಲದಿಂದ ಅಳೆಯತೊಡಗಿದಳು. ಎದೆ ಮೂವತ್ತೆಂಟು, ತೋಳು ಇಪ್ಪತ್ತೈದು... ಅಲ್ಲಿಗೆ ಲೆಕ್ಕ ತಪ್ಪಿತು. ಜೀವಮಾನದಲ್ಲಿ ಮೊದಲ ಸಲ.

ಮೂರನೆಯ ದಿನ ಅವನು ಅಂಗಡಿಗೆ ಬಂದ. ಅಂಗೈ ಬಿಚ್ಚಿದರೆ ಅದರಲ್ಲಿ ಹಸಿರು ಗುಂಡಿ.

"ಮಹಾರಾಣಿ ವಾಪಸ್ ಕೊಟ್ಟಳು."

"ಹೇಗೆ?" ಎಂದು ಕೇಳಿದವಳಿಗೆ ಉತ್ತರ ತಾನಾಗಿಯೇ ಹೊಳೆಯಿತು. "ಥೂ! ತೊಳೆದಿದ್ದೀರಾ?"

"ಏಳು ಸಲ. ಎರಡು ದಿನ ಅವಳ ಹಿಂದೆ ಜರಡಿ ಹಿಡಿದು ಓಡಾಡಿದ್ದೀನಿ ಮೇಡಂ. ಒಂದು ಗುಂಡಿಗೋಸ್ಕರ ಇಷ್ಟು ಕಷ್ಟಪಟ್ಟ ಗಂಡಸನ್ನ ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಅವಳು ಆ ಗುಂಡಿಯನ್ನು ಡಬ್ಬಿಗೆ ಹಾಕದೆ, ಯಾಕೋ, ಸೂಜಿಪೆಟ್ಟಿಗೆಯ ಒಳಗೆ ಬೇರೆಯಾಗಿ ಇಟ್ಟಳು. ಮೂಲೆಯಲ್ಲಿ ತಾಯಿ ಕೆಮ್ಮಿದರು. ಆ ಕೆಮ್ಮಿಗೆ ಔಷಧಿಯಿರಲಿಲ್ಲ.

ಕೀಪರನನ್ನು ಝೂನಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಬಾಯಿ ತೆರೆದರೆ ಬೆಳಗಿನ ಸುದ್ದಿಯಿಂದ ಸಂಜೆಯ ಹವಾಮಾನದವರೆಗೆ ನಿಲ್ಲುತ್ತಿರಲಿಲ್ಲ. ಮಹಾರಾಣಿ ಮೊಟ್ಟೆಯೊಡೆದು ಬಂದ ದಿನ ಅವಳಿಗೆ ಕಂಡ ಮೊದಲ ಮುಖ ಇವನದು. ಕೇಳಿದ ಮೊದಲ ದನಿಯೂ ಇವನದೇ, ಬೇರೆಯವರ ದನಿಗೆ ಅವಕಾಶವೆಲ್ಲಿತ್ತು? ಕೈಯಾರೆ ತಿನ್ನಿಸಿ ಆರು ವರ್ಷ ಬೆಳೆಸಿದ. ಬೆಳೆದ ಮೇಲೆ ಅವಳು ಒಂದು ತೀರ್ಮಾನಕ್ಕೆ ಬಂದಳು: ತಾನು ಹಕ್ಕಿಯಲ್ಲ, ಇವನೇ ತನ್ನ ಗಂಡ. ಬೆಳಗ್ಗೆ ಇವನು ಬಂದರೆ ರೆಕ್ಕೆ ಬಿಚ್ಚಿ ಕುಣಿಯುತ್ತಿದ್ದಳು, ಹುಲ್ಲುಕಡ್ಡಿ ಎಸೆದು ಜಿಗಿಯುತ್ತಿದ್ದಳು. ಬೇರೆ ಯಾರಾದರೂ ಒಳಗೆ ಕಾಲಿಟ್ಟರೆ ಕೊಕ್ಕಿನಿಂದ ಮಾತಾಡುತ್ತಿದ್ದಳು. ಅವಳ ದೆಸೆಯಿಂದ ಝೂನ ಡಾಕ್ಟರಮ್ಮ ಕೀಪರ್‌ಗಳ ಮೈಮೇಲೆ ಹಾಕಿದ ಹೊಲಿಗೆ, ಟೇಪಮ್ಮ ಬಟ್ಟೆಗೆ ಹಾಕಿದ್ದಕ್ಕಿಂತ ಒಂದೆರಡು ಹೆಚ್ಚೇ.

ಅಂಥವಳಿಗೆ ದೂರದ ಝೂನಿಂದ ಒಂದು ಗಂಡು ಸಾರಸ ಬಂತು. ಎಲ್ಲರೂ ಅದನ್ನು ಅಳಿಯ ಎಂದರು. ಮನೆ ಅಳಿಯನ ಪಾಡೇ ಆಯಿತು ಅದಕ್ಕೆ. ಕೊಳದ ಒಂದು ಮೂಲೆಯಲ್ಲಿ ಒಂಟಿಕಾಲಲ್ಲಿ ನಿಂತು, ಮಿಕ್ಕಿದ್ದನ್ನು ತಿಂದುಕೊಂಡು, ಹೆಂಡತಿ ಇನ್ನೊಬ್ಬನಿಗೆ ಕುಣಿಯುವುದನ್ನು ನೋಡುತ್ತಾ ಇರುವುದು.

ಡಾಕ್ಟರಮ್ಮ ರೇಡಿಯೋನನ್ನು ಕೂರಿಸಿ ಹೇಳಿದರು. "ನೋಡಪ್ಪಾ, ಮೂವತ್ತು ದಿನ. ಅಷ್ಟರಲ್ಲಿ ಅವೆರಡೂ ಒಟ್ಟಿಗೆ ನಿಂತು ಜೋಡಿಯಾಗಿ ಕೂಗಬೇಕು. ಸಾರಸಗಳು ಜೋಡಿ ಒಪ್ಪಿದ ಗುರುತು ಅದು. ಕೂಗಲಿಲ್ಲವೋ, ನಿನ್ನನ್ನ ದೂರದ ಝೂಗೆ ವರ್ಗ ಮಾಡೋದೇ ದಾರಿ. ದೊಡ್ಡ ಸಾಹೇಬರು ಕಾಗದ ಟೈಪ್ ಮಾಡಿಸಿ ಇಟ್ಟಿದ್ದಾರೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ ಡಾಕ್ಟ್ರೇ?"

"ಜ್ವರ ಬಂದಿರೋದೇ ನಿನ್ನಿಂದ ಕಣೋ ಎಮ್ಮೆ! ಇವತ್ತಿನಿಂದ ಬೂದು ನಿಲುವಂಗಿ ಹಾಕ್ಕೊಂಡು, ಮುಖ ಮುಚ್ಚಿಕೊಂಡೇ ಒಳಗೆ ಹೋಗು. ಕೊಳದಿಂದ ಇನ್ನೂರು ಹೆಜ್ಜೆಯೊಳಗೆ ಒಂದು ಮಾತೂ ಆಡಬಾರದು."

ರೇಡಿಯೋ ಮುಖ ಬಾಡಿತು. ವರ್ಗದ ವಿಷಯಕ್ಕಲ್ಲ, ಮಾತಿನ ವಿಷಯಕ್ಕೆ.

ನಿಲುವಂಗಿ ಹೊಲಿಯುವವಳು ಎದುರು ಅಂಗಡಿಯಲ್ಲೇ ಇದ್ದಳು.

"ನೇರ ನಿಂತ್ಕೊಳ್ಳಿ," ಎಂದಳು ಟೇಪಮ್ಮ. ಟೇಪು ಅವನ ಭುಜದ ಮೇಲೆ ಹರಿಯಿತು. "ಉಸಿರು ಹಿಡೀಬೇಡಿ."

"ನಾನು ಹಿಡಿದಿಲ್ಲ. ಅದೇ ನಿಂತುಹೋಗಿದೆ."

"ಎಡಗಡೆ ಭುಜ ಎರಡು ಬೆರಳು ಇಳಿದಿದೆ ನಿಮ್ಮದು."

"ಹದಿನಾಲ್ಕು ವರ್ಷ ಆ ಕೈಯಲ್ಲೇ ಬಕೆಟ್ ಹೊತ್ತಿದ್ದೀನಿ. ನನಗೇ ಗೊತ್ತಿರಲಿಲ್ಲ. ನಮ್ಮಮ್ಮನೂ ಹೇಳಿರಲಿಲ್ಲ."

"ನಿಮ್ಮಮ್ಮ ಟೇಲರಲ್ಲ," ಎಂದಳು. ಬೆನ್ನಿನ ಅಳತೆಗೆ ಹಿಂದೆ ಹೋದಳು. ಅಲ್ಲಿ ತನ್ನ ಮುಖ ಅವನಿಗೆ ಕಾಣದಿರುವುದು ಅನುಕೂಲವಾಯಿತು. ಅವನ ಅಂಗಿಗೆ ಬಿಸಿಲು ಮತ್ತು ಕಾಳಿನ ವಾಸನೆ. ಟೇಪಿನ ತುದಿ ಹಿಡಿದ ಬೆರಳು ಒಂದು ಗಳಿಗೆ ಹೆಚ್ಚೇ ನಿಂತಿತು. ಹೊಲಿಗೆಯ ಶಾಸ್ತ್ರದಲ್ಲಿ ಅದಕ್ಕೆ ಕಾರಣವಿಲ್ಲ.

ಅವನು ಹೋದ ಮೇಲೆ ತಾಯಿ ಅಳತೆ ಪುಸ್ತಕ ತಿರುವಿಹಾಕಿದರು. "ಇವನದು ಬರೆದೇ ಇಲ್ಲವಲ್ಲೇ?"

"ತಲೆಯಲ್ಲಿದೆ."

"ತಲೆಯಲ್ಲೋ?" ಎಂದರು ತಾಯಿ, ಮತ್ತೆ ಕೆಮ್ಮಿದರು.

ಟೇಪಮ್ಮ ಆ ನಿಲುವಂಗಿಯನ್ನು ಹೊಲಿದ ರೀತಿಯನ್ನು ಏನೆಂದು ಹೇಳುವುದು! ಹೊಲಿಗೆ ಎಷ್ಟು ಸಣ್ಣದೆಂದರೆ ಇರುವೆಗೂ ಎಡವಿದ ಮೇಲಷ್ಟೇ ಕಾಣಬೇಕು. ಎಡಭುಜ ಎರಡು ಬೆರಳು ಇಳಿಸಿದಳು. ಬಾಗಿ ಕಾಳು ಹಾಕುವಾಗ ಬೆನ್ನು ಎಳೆಯದಿರಲೆಂದು ಮಡಿಕೆ ಬಿಟ್ಟಳು. ಉದ್ದ ಹೆಜ್ಜೆ ಹಾಕುವವನು, ಅದಕ್ಕೆ ಕೆಳಗೆ ಸೀಳು. ತೊಟ್ಟು ನಿಂತರೆ ಹುಟ್ಟುವಾಗಲೇ ಇದನ್ನು ಹಾಕಿಕೊಂಡು ಬಂದವನಂತೆ ಕಾಣುತ್ತಿದ್ದ.

"ಇದಕ್ಕಿಂತ ಚೆನ್ನಾಗಿ ಹೊಲಿಯೋರು ಇನ್ನೂ ಹುಟ್ಟಬೇಕು," ಎಂದಳು ಅವಳು. ಅದು ಸುಳ್ಳಾಗಿರಲಿಲ್ಲ. ತೊಂದರೆಯಾದದ್ದೇ ಅಲ್ಲಿ.

ಹಗಲೆಲ್ಲ ಬಾಯಿ ಕಟ್ಟಿಕೊಂಡಿದ್ದವನು ಸಂಜೆ ನೇರ ಅಂಗಡಿಗೆ ಬರತೊಡಗಿದ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಾತು ಒಳಗೆ ಬಂದಿರುತ್ತಿತ್ತು. ನೀರಾನೆಯ ಹುಟ್ಟುಹಬ್ಬಕ್ಕೆ ಬಂದ ಕಲ್ಲಂಗಡಿಯನ್ನು ಮೇಷ್ಟ್ರು ಆಮೆಗೆಂದು ಎಗರಿಸಿದ್ದು, ಕರಡಿ ಡಾಕ್ಟರಮ್ಮನ ಚಪ್ಪಲಿ ಹೊತ್ತೊಯ್ದದ್ದು, ಎಲ್ಲ. ಟೇಪಮ್ಮ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಅವನು ಮಾತು ನಿಲ್ಲಿಸಿದಾಗಲೆಲ್ಲ ಅವಳ ಮಷಿನ್ನೂ ನಿಲ್ಲುತ್ತಿತ್ತು.

"ಕೇಳ್ತಿದ್ದೀರಾ?"

"ಇಲ್ಲ. ಆಮೇಲೆ ಕರಡಿ ಏನು ಮಾಡ್ತು?"

ದಿನ ಹದಿನೆಂಟಾಯಿತು. ಕೊಳದಲ್ಲಿ ಮಾತ್ರ ಏನೂ ಆಗಲಿಲ್ಲ. ಬೂದು ನಿಲುವಂಗಿ ಗೇಟಿನಲ್ಲಿ ಕಂಡದ್ದೇ ತಡ, ಮಹಾರಾಣಿ ರೆಕ್ಕೆ ಬಿಚ್ಚುತ್ತಿದ್ದಳು. ಮುಖವಿಲ್ಲ, ದನಿಯಿಲ್ಲ, ಆದರೂ ಅವಳಿಗೆ ಗೊತ್ತಾಗುತ್ತಿತ್ತು. ಹೇಗೆಂದು ಯಾರಿಗೂ ತಿಳಿಯಲಿಲ್ಲ. ಸೋಪು ಬದಲಿಸಿದರು, ಬೂಟು ಬದಲಿಸಿದರು. ಅಡುಗೆಮನೆಯ ಹೆಂಗಸರು ಟೇಪಮ್ಮನನ್ನು ಕಂಡಾಗಲೆಲ್ಲ, "ಏನಮ್ಮಾ, ನಿನ್ನ ಸವತಿ ಬಿಟ್ಟುಕೊಡೋ ಹಾಗೆ ಕಾಣಲ್ಲ!" ಎಂದು ಕಿಸಕ್ಕೆಂದರು.

ಅವನು ಆ ಸಂಜೆ ಬಂದು ಸ್ಟೂಲಿನ ಮೇಲೆ ಕೂತ. ರೇಡಿಯೋದ ಸೆಲ್ಲು ಮುಗಿದಂತಿತ್ತು.

"ಕಾಗದಕ್ಕೆ ಸೀಲೂ ಹಾಕಿದ್ರಂತೆ," ಎಂದ ಕೊನೆಗೆ. "ಒಂದೂವರೆ ದಿನದ ರೈಲಂತೆ ಅಲ್ಲಿಗೆ."

ಟೇಪಮ್ಮನ ಸೂಜಿ ಬೆರಳಿಗೆ ಚುಚ್ಚಿತು. ಹದಿನೈದು ವರ್ಷದಲ್ಲಿ ಮೊದಲ ಸಲ.

"ಅಲ್ಲಿ ಟೇಲರ್ ಇರ್ತಾರಾ?" ಎಂದಳು.

"ಇರಬಹುದು."

"ಕೆಟ್ಟದಾಗಿ ಹೊಲೀತಾರೆ," ಎಂದು ರಕ್ತದ ಹನಿಯನ್ನು ಬಾಯಿಗಿಟ್ಟುಕೊಂಡಳು.

ಮರುದಿನ ಭಾನುವಾರ. ಕೊಳದ ಪಕ್ಕದ ಹಲಗೆಮರೆಯಲ್ಲಿ ಕೂತು ಹಕ್ಕಿಗಳನ್ನು ಗಮನಿಸುವ ಪಾಳಿ, ಈಗ ತಾನೂ ವಾಲಂಟಿಯರ್ ಆಗಿದ್ದ ಟೇಪಮ್ಮನದು. ಎರಡೆರಡು ನಿಮಿಷಕ್ಕೊಮ್ಮೆ ಮಹಾರಾಣಿ ಏನು ಮಾಡುತ್ತಿದ್ದಾಳೆ, ಯಾರನ್ನು ನೋಡುತ್ತಿದ್ದಾಳೆ ಎಂದು ಹಾಳೆಯಲ್ಲಿ ಬರೆಯಬೇಕು. ಹಸಿರು ಕೋಟು ತೊಟ್ಟು, ಕಿಂಡಿಗೆ ಕಣ್ಣಿಟ್ಟು ಕೂತಳು. ಆಚೆ ಗೇಟಿನ ಹತ್ತಿರ, ಮರಗಳ ನೆರಳಿನಲ್ಲಿ, ಬೂದು ಬಣ್ಣದ ಒಂದು ಚೂರು ಕಂಡಿತು. ಮುಖವಿಲ್ಲ. ಬೆನ್ನಷ್ಟೇ.

ಟೇಪಮ್ಮನ ಎದೆ ಧಡಕ್ಕೆಂದಿತು. ಅದೇ ಕ್ಷಣ ಕೊಳದ ನಡುವೆ ಮಹಾರಾಣಿ ಕತ್ತೆತ್ತಿದಳು.

ಇಬ್ಬರಿಗೂ ಒಂದೇ ಕ್ಷಣದಲ್ಲಿ.

ಪೆನ್ಸಿಲ್ ಕೈಯಲ್ಲೇ ನಿಂತಿತು. ನನಗೆ ಹೇಗೆ ಗೊತ್ತಾಯ್ತು ಇವರೇ ಅಂತ? ಇಳಿದ ಎಡಭುಜ. ಬಾಗಿದಾಗ ಬೆನ್ನಿನ ಮೇಲೆ ತೆರೆದುಕೊಳ್ಳುವ ಮಡಿಕೆ. ಹೆಜ್ಜೆಗೆ ಹೆಜ್ಜೆಗೆ ಬಿಚ್ಚುವ ಸೀಳು. ಆ ನಿಲುವಂಗಿ ಅವನನ್ನು ಎಲ್ಲಿ ಮರೆಸಿತ್ತು? ಅವನನ್ನೇ ಬಟ್ಟೆಯಲ್ಲಿ ಬರೆದು ನಿಲ್ಲಿಸಿದಂತಿತ್ತು. ಕುರುಡಿಯೂ ಗುರುತು ಹಿಡಿಯಬೇಕು. ಆರು ವರ್ಷದಿಂದ ಅವನನ್ನೇ ನೋಡಿಕೊಂಡು ಬಂದವಳು ಬಿಡುತ್ತಾಳೆಯೇ?

ಟೇಪಮ್ಮ ಎದ್ದು ಡಾಕ್ಟರಮ್ಮನ ಕೋಣೆಗೆ ಹೋದಳು. ಊರೆದುರು ಎಂದೂ ಬಗ್ಗದ ತಲೆ ಅದು.

"ತಪ್ಪು ನನ್ನದು ಡಾಕ್ಟ್ರೇ. ಅದು ನಿಲುವಂಗಿಯಲ್ಲ, ಅವರ ಮೈಯೇ. ನಾನು... ವಿಪರೀತ ಚೆನ್ನಾಗಿ ಹೊಲಿದುಬಿಟ್ಟೆ."

ಡಾಕ್ಟರಮ್ಮ ಕನ್ನಡಕ ಇಳಿಸಿ ನೋಡಿದರು. "ಇದು ತಪ್ಪೊಪ್ಪಿಗೆಯೋ, ಜಂಭವೋ?"

"ಎರಡೂ."

"ಅಷ್ಟು ಚೆನ್ನಾಗಿ ಯಾಕಮ್ಮಾ ಹೊಲಿದೆ?"

ಟೇಪಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಕಿವಿಯ ತುದಿ ಕೆಂಪಾದದ್ದೇ ಉತ್ತರ. ಡಾಕ್ಟರಮ್ಮ ಕನ್ನಡಕ ಮೇಲೇರಿಸಿ, "ಉಳಿದಿರೋದು ಹನ್ನೊಂದು ದಿನ," ಎಂದರು.

"ಎರಡು ಬೂದು ಗೋಣಿ ಹೊಲೀತೀನಿ," ಎಂದಳು ಟೇಪಮ್ಮ. "ಒಂದೇ ಥರದ್ದು. ಒಂದು ಅವರಿಗೆ, ಇನ್ನೊಂದು ನನಗೆ. ಎತ್ತರದಲ್ಲಿ ನಮ್ಮಿಬ್ಬರಿಗೂ ಎರಡೇ ಬೆರಳು ವ್ಯತ್ಯಾಸ. ಒಂದೇ ಥರ ಇಬ್ಬರು ಬಂದರೆ ಅವಳು ಯಾರನ್ನ ಅಂತ ಗಂಡ ಅಂದ್ಕೋತಾಳೆ?"

"ಒಳಗೆ ಹೋಗ್ತೀಯಾ? ಅವಳ ಕೊಕ್ಕು ಗೊತ್ತು ತಾನೇ?"

"ನನ್ನ ಕತ್ತರಿ ಅವಳಿಗೆ ಗೊತ್ತಿಲ್ಲ."

ಡಾಕ್ಟರಮ್ಮ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿ, "ಬೂದು ಬಣ್ಣ ಅಂದ್ರೆ ಊಟ ಅಂತ ಅವಳಿಗೆ ಅಭ್ಯಾಸವಾಗಿದೆ, ಕುಕ್ಕಲಾರಳು," ಎಂದರು. "ಆದರೂ ಕೊಕ್ಕು ತಡೆಯೋ ಹಲಗೆ ಹಿಡ್ಕೊಂಡು ಗೇಟಿನಲ್ಲಿ ನಾನೇ ನಿಂತಿರ್ತೀನಿ."

ಆ ದಿನ ಅಂಗಡಿಯಲ್ಲಿ ನಡೆದದ್ದನ್ನು ನೋಡಿ ತಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಮಗಳು ಆ ನಿಲುವಂಗಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಮಡಿಕೆ ಮುಚ್ಚಿದಳು, ಸೀಳು ಕೂಡಿಸಿದಳು, ಎಡಭುಜಕ್ಕೆ ಹಳೆ ಬಟ್ಟೆ ತುರುಕಿ ಬಲಕ್ಕೆ ಸಮ ಮಾಡಿದಳು. ಅಗಲ ತುಂಡು ಸೇರಿಸಿ, ದಾಪುಗಾಲಿನ ಹೊಲಿಗೆ ಹಾಕಿದಳು. ಜೊತೆಗೆ ಅಂಥದೇ ಇನ್ನೊಂದು. ಕೊನೆಗೆ ಗೋಡೆಗೆ ತೂಗಿದ್ದು ಎರಡು ದಿಂಬಿನ ಚೀಲ.

"ಥೂ, ನೋಡೋಕಾಗಲ್ಲ ಕಣೇ," ಎಂದರು ತಾಯಿ.

"ಹೌದಲ್ಲಾ?" ಎಂದಳು ಮಗಳು, ಕಣ್ಣೊರೆಸಿಕೊಂಡು. "ಇದಕ್ಕಿಂತ ಕೆಟ್ಟದಾಗಿ ಹೊಲಿಯೋರೂ ಇನ್ನೂ ಹುಟ್ಟಬೇಕು."

ಸಂಜೆ ಅದನ್ನು ತೊಟ್ಟು ನೋಡಿದ ರೇಡಿಯೋ ಕನ್ನಡಿಯೆದುರು ತಬ್ಬಿಬ್ಬಾದ. "ನಾನೆಲ್ಲಿ ಹೋದೆ ಇದರೊಳಗೆ?"

"ಅಲ್ಲೇ ಇರಿ. ನೀವು ಈ ಊರಲ್ಲೇ ಉಳೀಬೇಕು ಅಂದ್ರೆ ಅಲ್ಲೇ ಇರಬೇಕು."

"ಉಳೀಬೇಕು ಅಂತ ಯಾರಿಗಿದೆ?" ಎಂದು ಕೇಳಿದ ಅವನು, ಮುಸುಕಿನೊಳಗಿನಿಂದ.

"ಮಹಾರಾಣಿಗೆ," ಎಂದಳು ಟೇಪಮ್ಮ. ಗೋಣಿಯ ಎರಡು ಕಿಂಡಿಗಳಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಮೂಲೆಯ ನಗೆಗೆರೆಗಳನ್ನು ಬಟ್ಟೆ ಮರೆಮಾಡಿತ್ತು. ಅವೆರಡು ಗೆರೆ ಎಲ್ಲಿರಬೇಕೋ ಅಲ್ಲಿ ಅವಳು ಬಟ್ಟೆಯನ್ನು ಯಾಕೋ ಎರಡೆರಡು ಸಲ ಸರಿಪಡಿಸಿದಳು.

ಮರುದಿನದಿಂದ ಎರಡು ಚೀಲಗಳು ಕೊಳಕ್ಕೆ ಇಳಿದವು. ಮೊದಲ ದಿನ ಮಹಾರಾಣಿ ಕತ್ತು ಓರೆ ಮಾಡಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ತಲೆ ಕೆಡಿಸಿಕೊಂಡಳು. ನಾಲ್ಕನೆಯ ದಿನ ಟೇಪಮ್ಮನ ಕಾಲಬುಡಕ್ಕೆ ಬಂದು ನಿಂತು, ಬೆನ್ನಿಗೆ ಕೊಕ್ಕಿನಿಂದ ಒಂದು ತಟ್ಟು ತಟ್ಟಿದಳು. ಟೇಪಮ್ಮ ಕಂಬವಾದಳು. ಆ ದಿನ ಅವಳು ಬೆವರಿದ್ದರಿಂದ ಕೊಳದ ನೀರು ಮೂರಿಂಚು ಏರಿತು. ಎಂಟನೆಯ ದಿನದಿಂದ ಚೀಲಗಳು ಬಂದರೂ ಮಹಾರಾಣಿ ಕುಣಿಯಲಿಲ್ಲ. ಕಾಳು ತಿಂದಳು, ಬೇಜಾರಿನಿಂದ ಅತ್ತಿತ್ತ ನೋಡಿದಳು. ಅತ್ತಿತ್ತ ನೋಡಿದರೆ ಅಲ್ಲಿ ಇದ್ದವನು ಅಳಿಯ ಒಬ್ಬನೇ.

ಇಪ್ಪತ್ತೊಂಬತ್ತನೆಯ ದಿನ. ಬೆಳಗಿನ ಬಿಸಿಲು ನೀರಿನ ಮೇಲೆ. ಬಕೆಟ್ ಇಟ್ಟು ಚೀಲಗಳೆರಡೂ ಹಿಂದಕ್ಕೆ ಸರಿದವು. ಅಳಿಯ ಅಷ್ಟು ದಿನದ ಒಂಟಿಕಾಲು ಇಳಿಸಿದ. ಮೆಲ್ಲಗೆ ಬಂದ. ಒಂದು ಹುಲ್ಲುಕಡ್ಡಿ ಕಿತ್ತು ಗಾಳಿಗೆ ಎಸೆದ.

ಮಹಾರಾಣಿ ಆ ಕಡ್ಡಿ ಬೀಳುವುದನ್ನು ನೋಡಿದಳು. ಒಮ್ಮೆ ಚೀಲಗಳ ಕಡೆ ತಿರುಗಿದಳು. ಒಂದು ಚೀಲ, ಇನ್ನೊಂದು ಚೀಲ. ಮತ್ತೆ ತಿರುಗಿಕೊಂಡಳು.

ಅಳಿಯ ಕೊಕ್ಕನ್ನು ಆಕಾಶಕ್ಕೆ ಎತ್ತಿ ಕೂಗಿದ. ಅವನ ಒಂದು ಕೂಗಿಗೆ ಅವಳದು ಎರಡು. ಸಂಸಾರದ ನಿಯಮ ಹಕ್ಕಿಗೂ ಒಂದೇ. ಒಟ್ಟಿಗೆ ನಿಂತು, ಕತ್ತು ಚಾಚಿ, ಕಹಳೆ ಊದಿದಂತೆ ಕೂಗಿದವು. ಆನೆಗಳು ಊಟ ಬಿಟ್ಟು ನಿಂತವು. ಎದುರು ಅಂಗಡಿಯಲ್ಲಿ ತಾಯಿಯ ಡಬ್ಬಿಯಿಂದ ಸಾವಿರ ಗುಂಡಿ ನೆಲಕ್ಕುರುಳಿದವು. ಡಾಕ್ಟರಮ್ಮ ಹಲಗೆಯನ್ನು ತಮ್ಮ ಕಾಲ ಮೇಲೆಯೇ ಬಿಟ್ಟುಕೊಂಡು, ಕೂಗದೆ, ಒಂಟಿಕಾಲಲ್ಲಿ ಕುಣಿದರು.

ಚೀಲಗಳು ಮಾತಾಡುವಂತಿರಲಿಲ್ಲ. ಟೇಪಮ್ಮ ಪಕ್ಕಕ್ಕೆ ನೋಡಿದಳು. ಅವನ ಭುಜ ಅಲುಗುತ್ತಿತ್ತು. ನಗುವೋ, ಅಳುವೋ? ನೂರು ಹೆಜ್ಜೆಯಿಂದ ಅವನ ಮನಸ್ಸು ಓದುತ್ತಿದ್ದವಳಿಗೆ, ಪಕ್ಕದಲ್ಲೇ ನಿಂತರೂ ಏನೂ ತಿಳಿಯಲಿಲ್ಲ. ತನ್ನ ಹೊಲಿಗೆಯೇ ತನಗೆ ಮೋಸ ಮಾಡಿತ್ತು. ಬೇರೆ ದಾರಿಯಿಲ್ಲದೆ ಅಗಲ ತೋಳಿನೊಳಗೆ ಕೈ ಹಾಕಿ, ಹುಡುಕಿ, ಅವನ ಕೈ ಹಿಡಿದುಕೊಂಡಳು.

ಕೈ ಬೆಚ್ಚಗಿತ್ತು. ಬಿಡಲಿಲ್ಲ.

ಇನ್ನೂರು ಹೆಜ್ಜೆ ದಾಟಿ, ಕಾಳಿನ ಕೋಣೆಯ ಹಿಂದೆ ಬಂದು ಅವನು ಮುಸುಕು ತೆಗೆದ. ನಗುತ್ತಿದ್ದ. ಕೆನ್ನೆಯೂ ತೊಯ್ದಿತ್ತು.

"ಇಷ್ಟು ದಿನದ ಮಾತು ಕೂಡಿಟ್ಟಿದ್ದೀರಲ್ಲ, ಹೇಳಿ," ಎಂದಳು ಟೇಪಮ್ಮ.

"ಒಂದೂ ಸಿಗ್ತಿಲ್ಲ." ಮೂಗು ಒರೆಸಿಕೊಂಡ. "ನನ್ನ ಕಡೆ ನೋಡಿದಳು ನೋಡಿ, ಯಾರೋ ಅನ್ನೋ ಹಾಗೆ ತಿರುಗಿಕೊಂಡಳು. ಆರು ವರ್ಷ... ಖುಷಿಪಡ್ಲೋ ಅಳ್ಲೋ ಗೊತ್ತಾಗ್ತಿಲ್ಲ."

"ಎರಡೂ ಮಾಡಿ. ಚೀಲ ಅಗಲ ಇದೆ."

ಅವನು ನಕ್ಕ. ಆ ಎರಡು ಗೆರೆ ಮತ್ತೆ ಕಂಡವು. ಟೇಪಮ್ಮನೂ ತನ್ನ ಚೀಲ ಕಳಚಿದಳು. ಒಳಗೆ ವಾಲಂಟಿಯರ್‌ಗಳ ಹಸಿರು ಕೋಟು. ಅವನ ಕಣ್ಣು ಮೇಲಿನ ಗುಂಡಿಯ ಮೇಲೆ ನಿಂತಿತು. ಅದರ ಅಂಚಿನಲ್ಲಿ ಕೊಕ್ಕಿನ ಗುರುತು.

"ಇದು... ಅದೇ ಗುಂಡಿ!"

"ಏಳು ಸಲ ತೊಳೆದಿದ್ದೀರಂತೆ. ಎಸೆಯೋದು ಹೇಗೆ?"

ರೇಡಿಯೋ ಗಂಟಲು ಸರಿಮಾಡಿಕೊಂಡ. ಹದಿನಾಲ್ಕು ವರ್ಷದಲ್ಲಿ ಆ ಝೂನಲ್ಲಿ ಅವನು ಅಳೆದು ಆಡಿದ ಮೊದಲ ಮಾತು ಇದೇ.

"ನನ್ನ ಮದುವೆಗೆ ಒಂದು ಅಂಗಿ ಹೊಲಿದುಕೊಡ್ತೀರಾ?"

"ಹೆಣ್ಣು ಯಾರು?"

"ಮಹಾರಾಣಿಯ ಸವತಿ ಅಂತೆ. ಇಡೀ ಅಡುಗೆಮನೆಗೆ ಗೊತ್ತು."

ಟೇಪಮ್ಮ ಅವನನ್ನು ಕಾಲರಿನಿಂದ ಕಾಲ್ಬೆರಳವರೆಗೆ, ಸಾವಕಾಶವಾಗಿ, ನಾಚದೆ ನೋಡಿದಳು. ಅವನು ನೇರ ನಿಂತು, ಎರಡೂ ತೋಳು ಅಗಲಿಸಿ, ಉಸಿರು ಬಿಗಿಹಿಡಿದ. "ತಗೊಳ್ಳಿ ಅಳತೆ."

ಅವಳು ಕತ್ತಿನಿಂದ ಹಳದಿ ಟೇಪು ತೆಗೆದು ಕಾಳಿನ ಚೀಲದ ಮೇಲೆ ಇಟ್ಟಳು. ಅಗಲಿಸಿದ ತೋಳುಗಳ ನಡುವೆ ಬಂದು, ಎರಡು ಬೆರಳು ಇಳಿದ ಆ ಎಡಭುಜದ ಮೇಲೆ ತಲೆಯಿಟ್ಟಳು. ತಲೆ ಅಲ್ಲಿ ಅಚ್ಚುಕಟ್ಟಾಗಿ ಕೂತಿತು.

"ಬೇಕಾಗಿಲ್ಲ," ಎಂದಳು. "ಬಾಯಿಪಾಠ ಇದೆ."